ಒಂದು ಹಕಾರದ ಸಲುವಾಗಿ

ಲಿಂಗಸುಗೂರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಅಶ್ವಿನಿ ನರ್ಸ್ ಆಗಿ ನಾಲ್ಕು ವರ್ಷ ತುಂಬಿತ್ತು. ಅವಳ ಕೈ ಹಗುರ, ಸೂಜಿ ಚುಚ್ಚಿದ್ದೂ ತಿಳಿಯುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳ ಹೆಂಗಸರು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ಹಾಗೆ ಬಂದವರು ವಾರ್ಡಿನ ಬಾಗಿಲಲ್ಲಿ ನಿಂತು, "ಅಗ್ಗದ ಸಿಸ್ಟರ್ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಕೇಳಿದವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಅಲ್ಲಿದ್ದ ಉಳಿದವರು ಮಾತ್ರ ಮುಸಿಮುಸಿ ನಗುತ್ತಿದ್ದರು. ಎದುರಿನ ಔಷಧಿ ಅಂಗಡಿಯವನಂತೂ ಅವಳು ಚೀಟಿ ತಂದಾಗಲೆಲ್ಲ, "ಅಗ್ಗದ ಸಿಸ್ಟರಿಗೆ ತುಟ್ಟಿ ಗುಳಿಗಿ ಕೊಟ್ಟರ ಹೆಂಗ ನಡೀತೈತ್ರಿ?" ಎಂಬ ಒಂದೇ ಮಾತನ್ನು ದಿನಾ ಹೊಸದೆಂಬಂತೆ ಹೇಳುತ್ತಿದ್ದ.

ಅವಳ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಅಗ್ಗದ ಅಲ್ಲ, ಹಗ್ಗದ. ಒಂದು ಹಕಾರ ಎಲ್ಲಿ ಕಳೆದುಹೋಯಿತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ತಂದೆ ಮುಕ್ಕುಂದದ ಪಕೀರಪ್ಪನ ನಾಲಿಗೆಯ ಮೇಲೆ ಹಕಾರ ನಿಲ್ಲುತ್ತಿರಲಿಲ್ಲ. ಅವನ ಬಾಯಲ್ಲಿ ಹೊಲ ಒಲವಾಗುತ್ತಿತ್ತು, ಹುಲ್ಲು ಉಲ್ಲಾಗುತ್ತಿತ್ತು, ಹೊಳೆ ಒಳಿಯಾಗುತ್ತಿತ್ತು. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಮಾಸ್ತರರು ಹೆಸರು ಕೇಳಿದರು. "ಅಶ್ವಿನಿ ರೀ," ಎಂದ. ಅಶ್ವಿನಿ ಮಳೆ ಸುರಿದ ದಿನ ಹುಟ್ಟಿದವಳು, ಅದಕ್ಕೇ ಆ ಹೆಸರು ಎಂದೂ ಸೇರಿಸಿದ. ಅಡ್ಡಹೆಸರು ಕೇಳಿದರು. "ಅಗ್ಗದ ರೀ." ದೂರದೂರಿಂದ ವರ್ಗವಾಗಿ ಬಂದ ಹೊಸ ಮಾಸ್ತರರು ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡರು. ಆ ಒಂದು ಸಾಲಿನಿಂದ ಹತ್ತನೆಯ ತರಗತಿಯ ಅಂಕಪಟ್ಟಿ, ಅದರಿಂದ ನರ್ಸಿಂಗ್ ಡಿಪ್ಲೊಮಾ, ಅದರಿಂದ ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಕೊನೆಗೆ ಎದೆಯ ಮೇಲಿನ ಹೆಸರಿನ ಪಟ್ಟಿ. ಎಲ್ಲ ಕಡೆಯೂ ಅಗ್ಗದ.

ಅಶ್ವಿನಿ ಸಿಟ್ಟಿನ ಹುಡುಗಿ ಅಲ್ಲ. ಶಾಲೆಯಲ್ಲಿ ಜತೆಯವರು ಸಂತೆಯಲ್ಲಿ ಕೂಗುವಂತೆ "ಅಗ್ಗ, ಅಗ್ಗ" ಎಂದು ಕೂಗಿದಾಗ ತಾನೂ ನಕ್ಕು ಓಡಿಸಿಕೊಂಡು ಹೋಗಿದ್ದವಳು. ಆದರೆ ಇಪ್ಪತ್ತಾರು ತುಂಬಿ, ಸಾಲಗುಂದದ ವಿರೇಶನ ಜತೆ ಮದುವೆ ಗೊತ್ತಾದ ಮೇಲೆ ಅವಳಿಗೆ ಒಮ್ಮಿಂದೊಮ್ಮೆಲೆ ಈ ಹೆಸರು ಸರಿಮಾಡಿಸಬೇಕು ಅನ್ನಿಸಿತು. ಲಗ್ನಪತ್ರಿಕೆಯ ಮಾತು ಬಂದ ದಿನ ಅದನ್ನು ಮನೆಯಲ್ಲಿ ಹೇಳಿದಳು.

ತಾಯಿ ಲಕ್ಷ್ಮಿದೇವಿ ಅಕ್ಕಿ ಹಸನು ಮಾಡುತ್ತಾ ಕೂತಿದ್ದವಳು ಮೊರ ಕೆಳಗಿಟ್ಟಳು.

"ಇಪ್ಪತ್ತು ವರ್ಷ ಸುಮ್ನಿದ್ದು ಈಗ ಯಾಕವ್ವ? ಇನ್ನ ಮೂರು ತಿಂಗಳಿಗೆ ಅವರ ಮನಿಗೆ ಹೋಗ್ತಿ. ಅವರ ಅಡ್ಡಹೆಸರು ಬೆಣ್ಣಿ. ಅಶ್ವಿನಿ ಬೆಣ್ಣಿ ಅಂದ್ರ ಕೇಳಾಕ ಎಷ್ಟು ಚಂದ ಐತಿ. ಬಿಟ್ಟು ಹೋಗೋ ಹೆಸರಿಗೆ ಯಾರಾರ ತಿದ್ದುಪಡಿ ಮಾಡಸ್ತಾರೇನು?"

"ಬಿಟ್ಟು ಹೋಗೋದಾದ್ರೂ ನೆಟ್ಟಗಿರೋದನ್ನ ಬಿಟ್ಟು ಹೋಗ್ತೀನಿ ಯವ್ವ," ಎಂದಳು ಅಶ್ವಿನಿ. ಹಾಗೆ ಯಾಕೆ ಅಂದೆ ಎಂದು ಅವಳಿಗೂ ಆಗ ಪೂರ್ತಿ ತಿಳಿದಿರಲಿಲ್ಲ.

ವಿರೇಶನಿಗೆ ಫೋನಿನಲ್ಲಿ ಹೇಳಿದಾಗ ಅವನು ನಗಲಿಲ್ಲ. ಸಿಂಧನೂರಿನಲ್ಲಿ ಅವನದು ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ. "ಒಂದು ನಂಬರ್ ತಪ್ಪಿದ್ರ ನನ್ನ ಅಂಗಡ್ಯಾಗ ಬೇರಿಂಗ್ ಕೂಡಂಗಿಲ್ಲ," ಎಂದ. "ಹೆಸರಿನ ಅಕ್ಷರ ತಪ್ಪಿದ್ರ ತ್ರಾಸ ಆಗೋದ ಐತಿ. ನಮ್ಮ ಅಂಗಡಿಗೆ ಬರೋ ವಕೀಲರೊಬ್ಬರು ಅದಾರ. ಬಾ, ಕೇಳೂಣು."

ವಕೀಲ ಹನುಮಂತರಾಯರು ಅರವತ್ತು ದಾಟಿದವರು; ಸಿಂಧನೂರಿನ ಕೋರ್ಟಿನ ಹತ್ತಿರ ಒಂದು ಕೋಣೆಯಲ್ಲಿ ಕೂಡುತ್ತಿದ್ದರು. ಅವಳ ಕಾಗದಗಳನ್ನೆಲ್ಲ ಮಗುಚಿ ನೋಡಿ ಕನ್ನಡಕ ಹಣೆಗೇರಿಸಿದರು.

"ನೋಡವ್ವ, ಬದಲಾವಣೆ ಬ್ಯಾರೆ, ತಿದ್ದುಪಡಿ ಬ್ಯಾರೆ. ಬದಲಾವಣೆ ಅಂದ್ರ ಭಾಳ ಸಸಾರ. ಅಫಿಡವಿಟ್ ಮಾಡಿ, ಎರಡು ಪೇಪರಿನಾಗ ಜಾಹೀರಾತು ಕೊಟ್ಟು, ಇವತ್ತಿನಿಂದ ನನ್ನ ಹೆಸರು ಮಲ್ಲಿಗಿ ಅಂದ್ರೂ ನಡೀತೈತಿ. ತಿದ್ದುಪಡಿ ಅಂದ್ರ ಹಂಗಲ್ಲ. ಮೊದಲಿಂದ ನಮ್ಮದು ಹಗ್ಗದ ಅಂತ ಇತ್ತು, ಬರಿಯೋರು ತಪ್ಪು ಬರದ್ರು ಅಂತ ತೋರಿಸಬೇಕು. ಯಾವದಾರ ಹಳೇ ಕಾಗದ ಬೇಕು."

"ನನಗ ಬದಲಾವಣೆ ಬ್ಯಾಡ್ರಿ. ತಿದ್ದುಪಡಿ ಬೇಕು."

"ಹಂಗಾದ್ರ ನಿಮ್ಮ ತಂದಿಯವರ ಕಾಗದ ತೋರಿಸು."

ತಂದೆಯ ಕಾಗದದಲ್ಲಿ ಅಡ್ಡಹೆಸರೇ ಇರಲಿಲ್ಲ. ಪಹಣಿಯಲ್ಲಿ 'ಪಕೀರಪ್ಪ ತಂದೆ ಅಂಬಪ್ಪ' ಎಂದಷ್ಟೇ. ಆಧಾರ್‌ನಲ್ಲಿಯೂ ಅಷ್ಟೇ. ಅಜ್ಜ ಅಂಬಪ್ಪನ ಕಾಗದ ಎಂಬುದೇ ಇಲ್ಲ. ಊರವರೆಲ್ಲ ಹಗ್ಗದವರ ಮನೆ ಎನ್ನುತ್ತಾರೆ, ಆದರೆ ಊರವರ ಮಾತು ಕಾಗದವಲ್ಲ. ಹನುಮಂತರಾಯರು ಮೆಲ್ಲಗೆ ಕೇಳಿದರು:

"ಹಗ್ಗದ ಅಂತ ನಿಮಗ ಹೆಂಗ ಗೊತ್ತು? ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮ ಹಿರಿಯರು ಸಸ್ತಾ ಮಾರೋರು ಇದ್ದಿದ್ರ ಅಗ್ಗದ ಅನ್ನೋದ ಖರೆ ಆಗತೈತಿ. ನಿಮ್ಮ ಮನ್ಯಾಗ ಯಾರಾರ ಹಗ್ಗ ಹೊಸೀತಾರೇನು?"

ಯಾರೂ ಹೊಸೆಯುತ್ತಿರಲಿಲ್ಲ. ಮೂರು ತಲೆಮಾರಿನಿಂದ ಅವರು ಭತ್ತ ಬೆಳೆಯುವವರು. ಇಷ್ಟು ದಿನ ತಪ್ಪು ಬರೆದಿದ್ದಾರೆ ಎಂದು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದ ಅಶ್ವಿನಿಗೆ ಸರಿ ಯಾವುದು ಎಂದು ತೋರಿಸಲು ಒಂದು ಚೂರು ಕಾಗದವಿಲ್ಲ. ಬಸ್ಸಿನಲ್ಲಿ ಮುಕ್ಕುಂದಕ್ಕೆ ಬರುವಾಗ ಕಾಲುವೆಯ ದಂಡೆಗುಂಟ ಹಸಿರು ಭತ್ತದ ಮಡಿಗಳು ಸರಿಯುತ್ತಿದ್ದವು. ಅವಳು ಅದಾವುದನ್ನೂ ನೋಡಲಿಲ್ಲ.

ಸಂಜೆ ಪಕೀರಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಕೇಳಿದಳು.

"ಯಪ್ಪಾ, ನಮಗ ಹಗ್ಗದ ಅಂತ ಯಾಕ ಬಂತು?"

ಪಕೀರಪ್ಪ ಚೊಂಬು ಕೆಳಗಿಟ್ಟ. ಐವತ್ತೆಂಟು ವರ್ಷದ ಅವನನ್ನು ಯಾರೂ ಇದುವರೆಗೆ ಆ ಪ್ರಶ್ನೆ ಕೇಳಿರಲಿಲ್ಲ.

"ನಮ್ಮಪ್ಪ ಅಂತಿದ್ದ, ನಾನೂ ಅಂತೀನಿ," ಎಂದ. ಆಮೇಲೆ ಏನೋ ನೆನಪಾದಂತೆ ಒಳಗೆ ಹೋಗಿ, ಟ್ರಂಕು ಎಳೆದು, ಕೆಂಪು ಬಟ್ಟೆಯ ಗಂಟೊಂದನ್ನು ತಂದು ಮಗಳ ಮುಂದಿಟ್ಟ. "ಉರ್ದು ಕಾಗದ ಇದು. ನಮ್ಮ ಮುತ್ಯಾನ ಕಾಲದ್ದು. ಒಲದ ಕಾಗದ ಅಂತ ನಮ್ಮಪ್ಪ ಏಳ್ತಿದ್ದ. ಯಾರೂ ಓದಿಲ್ಲ."

ಗಂಟು ಬಿಚ್ಚಿದರೆ ಒಳಗೆ ಮಡಿಕೆಯ ಗುಂಟ ಸವೆದು, ಚಹಾದ ಬಣ್ಣಕ್ಕೆ ತಿರುಗಿದ ಒಂದು ಹಾಳೆ. ಬಲದಿಂದ ಎಡಕ್ಕೆ ಹರಿದ ಕಪ್ಪು ಬರಹ, ಕೆಳಗೊಂದು ದುಂಡು ಮೊಹರು, ಮೇಲೆ ಧಾರಾಳವಾಗಿ ಹಚ್ಚಿದ ಕುಂಕುಮ.

"ಕುಂಕುಮ ಯಾಕಪ್ಪ?"

"ದಸರಾದಾಗ ಪೂಜಿ ಮಾಡ್ತೀವಲ್ಲ. ಮನಿ ಕಾಗದ ಅಲ್ಲೇನವ್ವ."

ಅಶ್ವಿನಿ ಅದರ ಫೋಟೊ ತೆಗೆದು, ತನ್ನ ಜತೆ ಅದೇ ವಾರ್ಡಿನಲ್ಲಿ ಕೆಲಸ ಮಾಡುವ ಮಾಹಿರಾಗೆ ಕಳಿಸಿದಳು. ಹತ್ತು ನಿಮಿಷಕ್ಕೆ ಮಾಹಿರಾಳ ಫೋನು ಬಂತು.

"ನನಗ ಮೊಹರಿನ್ಯಾಗಿಂದು ಒಂದೂ ಅಕ್ಷರ ತಿಳೀವಲ್ದು ಬೇ. ಕೈಬರಹ ನೋಡಿದ್ರ ಇರಿವಿ ಹರದಾಡಿದಂಗ ಐತಿ. ನಮ್ಮ ನಾನಿ ಮಸ್ಕ್ಯಾಗ ಅದಾಳ. ಮೂವತ್ತು ವರ್ಷ ಉರ್ದು ಸಾಲ್ಯಾಗ ಟೀಚರ್ ಇದ್ದಾಕಿ. ಫೋಟೊ ನೋಡಿ ಓದಂಗಿಲ್ಲ ಆಕಿ, ಕಾಗದ ಕೈಯಾಗ ಬೇಕು ಅಂತಾಳ. ಐತವಾರ ಹೋಗೂಣು. ನಿಮ್ಮಪ್ಪನ್ನೂ ಕರಕೊಂಡು ಬಾ."

ಭಾನುವಾರ ಬೆಳಿಗ್ಗೆ ಅಶ್ವಿನಿ, ಮಾಹಿರಾ ಇಬ್ಬರೂ ಲಿಂಗಸುಗೂರಿನಿಂದ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದರು. ಆ ಕಡೆಯಿಂದ ವಿರೇಶ ತನ್ನ ಮೋಟರ್ ಸೈಕಲ್ಲಿನ ಹಿಂದೆ ಪಕೀರಪ್ಪನನ್ನು ಕೂಡಿಸಿಕೊಂಡು ಬಂದ. ಪಕೀರಪ್ಪ ಒಗೆದ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ, ಕೆಂಪು ಗಂಟನ್ನು ಎದೆಗೆ ಅವಚಿಕೊಂಡಿದ್ದ. ಸಿಂಧನೂರಿನಿಂದ ಮಸ್ಕಿಯವರೆಗೆ ಅವನು ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ವಿರೇಶನ ಹೆಗಲು ಹಿಡಿದೇ ಬಂದನಂತೆ. "ಮಾವ ಒಂದು ಮಾತು ಆಡಿಲ್ಲ," ಎಂದು ವಿರೇಶ ಹೇಳಿದ.

ಹಾಜಿರಾಬೀ ಎಂಬತ್ತರ ಹತ್ತಿರದ ತೆಳ್ಳನೆಯ ಹೆಂಗಸು. ಬಂದವರಿಗೆಲ್ಲ ಮೊದಲು ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ. ತಿಂದು ಮುಗಿಯುವವರೆಗೆ ಕಾಗದದ ಮಾತು ಎತ್ತಗೊಡಲಿಲ್ಲ. ಆಮೇಲೆ ಕೈ ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಕೂತು, ಮಸೂರ ಹಿಡಿದರು. ಕುಂಕುಮ ಕಂಡು ಅವರ ಹುಬ್ಬು ಮೇಲೇರಿತು.

"ಇದರ ಮ್ಯಾಲ ಕುಂಕುಮ ಯಾರು ಹಚ್ಚ್ಯಾರ?"

"ನಾನ ರೀ, ಅಮ್ಮಾರ," ಎಂದ ಪಕೀರಪ್ಪ, ತಪ್ಪು ಮಾಡಿದ ವಿದ್ಯಾರ್ಥಿಯಂತೆ. "ವರ್ಷಕ್ಕೊಮ್ಮೆ ರೀ."

"ಫಸಲಿ ಹದಿಮೂರುನೂರಾ ಮೂವತ್ತು... ಮುಂದಿನ ಅಂಕಿ ನಿಮ್ಮ ಕುಂಕುಮದಾಗ ಮುಳುಗೈತಿ. ಇರಲಿ. ಫಸಲಿ ಅಂದ್ರ ಆಗಿನ ಕಂದಾಯದ ವರ್ಷ. ಹೆಚ್ಚು ಕಡಿಮಿ ನೂರು ವರ್ಷದ ಕಾಗದ ಇದು. ನಿಜಾಮರ ಕಾಲದ್ದು."

ಅವರು ಓದತೊಡಗಿದರು. ಒಂದು ಶಬ್ದ ಓದುವುದು, ನಿಲ್ಲುವುದು, ಕನ್ನಡದಲ್ಲಿ ಹೇಳುವುದು. ಮಾಹಿರಾ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು.

"ಮುಸಮ್ಮಾತ್ ತಿಮ್ಮವ್ವ. ಮುಸಮ್ಮಾತ್ ಅಂದ್ರ ಶ್ರೀಮತಿ ಅಂದಂಗ. ಬೇವಾ. ಅಂದ್ರ ಗಂಡ ಸತ್ತಾಕಿ. ಸಾಕಿನ್ ಮುಕ್ಕುಂದ. ಮುಕ್ಕುಂದದಾಗ ಇರಾಕಿ. ಉರ್ಫ್..."

ಅಲ್ಲಿ ನಿಂತರು. ಮಸೂರ ಹತ್ತಿರ ತಂದರು, ದೂರ ಹಿಡಿದರು.

"ನಿಮ್ಮ ಅಡ್ಡಹೆಸರು ಏನಂದಿ ಬೇಟಾ?"

"ಹಗ್ಗದ ರೀ."

"ಇಲ್ಲಿ ಹಗ್ಗದ ಅಂತ ಇಲ್ಲ."

"ಅಗ್ಗದ ಅಂತ ಐತೇನ್ರಿ?" ಎಂದು ಅಶ್ವಿನಿ ಹೇಗೋ ಕೇಳಿದಳು.

"ಅದೂ ಇಲ್ಲ. ರಸ್ಸೀವಾಲಿ ಅಂತ ಬರದಾನ."

ಮಾಹಿರಾಳ ಪೆನ್ನು ನಿಂತಿತು. ಅವಳು ಅಶ್ವಿನಿಯ ಮುಖ ನೋಡಿ, ಬಾಯಿಗೆ ಕೈ ಹಚ್ಚಿಕೊಂಡಳು. "ರಸ್ಸಿ ಅಂದ್ರ ಹಗ್ಗ ಬೇ! ರಸ್ಸೀವಾಲಿ ಅಂದ್ರ ಹಗ್ಗದಾಕಿ."

"ಹೌದು," ಎಂದರು ಹಾಜಿರಾಬೀ ನಿಧಾನಕ್ಕೆ, ತಪ್ಪಿಲ್ಲದ ಲೆಕ್ಕ ಬಿಡಿಸಿದವರ ತೃಪ್ತಿಯಲ್ಲಿ. "ಬರೆಯೋ ಮುನ್ಶಿಗೆ ಊರವರು ಹಗ್ಗದ ತಿಮ್ಮವ್ವ ಅಂತ ಹೇಳಿರಬೇಕು. ಹಗ್ಗ ಅಂದ್ರೇನು ಅಂತ ಕೇಳಿ, ಅದರ ಅರ್ಥ ತನ್ನ ಭಾಷಾದಾಗ ಬರಕೊಂಡಾನ."

ಪಕೀರಪ್ಪ ಅಲ್ಲಿಯವರೆಗೆ ಗೋಡೆಗೊರಗಿದ್ದವನು ಮುಂದಕ್ಕೆ ಸರಿದು ಕೂತ. "ಅಮ್ಮಾರ, ನಮ್ಮ ಒಲಕ್ಕ ರಸವಾಳಿ ಒಲ ಅಂತಾರ್ರಿ. ಇಂದಕ ಅಲ್ಲಿ ರಸಬಾಳಿ ಅಚ್ಚಿದ್ರು ಕಾಣತೈತಿ, ಅದಕ್ಕ ರಸವಾಳಿ ಅಂತಾರ ಅಂತ ನಾವು ತಿಳಕೊಂಡಿದ್ವಿ."

"ಬಾಳಿ ಅಲ್ಲಪ್ಪ. ರಸ್ಸೀವಾಲಿ ಹೊಲ. ಆಕಿ ಹೊಲ."

ಪಕೀರಪ್ಪ ದಿನಾ ಕಾಲಿಟ್ಟು ನಡೆಯುವ ಮಣ್ಣಿಗೆ ಒಬ್ಬ ಹೆಂಗಸಿನ ಹೆಸರಿದೆ ಎಂಬುದು ಅವನೊಳಗೆ ನಿಧಾನಕ್ಕೆ ಇಳಿಯಿತು.

ಉಳಿದದ್ದನ್ನು ಓದಲು ಹಾಜಿರಾಬೀಗೆ ಮತ್ತೆ ಒಂದು ಗಂಟೆ ಹಿಡಿಯಿತು. ಕಾಗದದಲ್ಲಿದ್ದ ಸಂಗತಿ ಇಷ್ಟು: ಮುಕ್ಕುಂದದ ಬಳಿ ತುಂಗಭದ್ರೆ ದಾಟಿಸುವ ಹರಗೋಲಿಗೆ ಹೊಳೆ ಏರಿದಾಗ ದಂಡೆಯಿಂದ ಹಿಡಿದು ಎಳೆಯುವ ಹಗ್ಗ ಬೇಕಾಗುತ್ತಿತ್ತು. ಪುಂಡಿಯ ನಾರು ಕೊಳೆಹಾಕಿ, ಹೊಸೆದು, ಆ ಹಗ್ಗ ಮಾಡಿಕೊಡುತ್ತಿದ್ದವಳು ತಿಮ್ಮವ್ವ. ಒಂದು ಮಳೆಗಾಲ ಮಹಾಪೂರ ಬಂದು ಹರಗೋಲು ನಡುಹೊಳೆಯಲ್ಲಿ ತಿರುಗಿ ನಿಂತಿತು. ಹಗ್ಗ ಹರಿಯಲಿಲ್ಲ. ಒಂಬತ್ತು ಜನ ಮತ್ತು ಎರಡು ಆಡು ದಂಡೆಗೆ ಬಂದವು. ಅಂದಿನಿಂದ ವರ್ಷಾ ವರ್ಷ ಹರಗೋಲಿಗೆ ಹಗ್ಗ ಒದಗಿಸುವ ಷರತ್ತಿನ ಮೇಲೆ ಹೊಳೆದಂಡೆಯ ಎರಡು ಎಕರೆ ಹೊಲವನ್ನು ಅವಳಿಗೂ, ಅವಳ ನಂತರ ಅವಳ ಮಗನಿಗೂ ನಿಜಾಮರ ಸರ್ಕಾರ ಬರೆದುಕೊಟ್ಟಿತ್ತು.

"ಎರಡು ಆಡನ್ನೂ ಬರದಾನೇನ್ರಿ?" ಎಂದ ವಿರೇಶ.

"ಮುನ್ಶಿ ಅಂದ್ರ ಹಂಗ ಇರಬೇಕಪ್ಪ. ಏನೂ ಬಿಡಬಾರದು," ಎಂದರು ಹಾಜಿರಾಬೀ. ಆಮೇಲೆ ಬೆರಳಿಟ್ಟು ಕೊನೆಯ ಸಾಲು ತೋರಿಸಿದರು. "ಇಲ್ಲಿ ನೋಡು ಬೇಟಾ. ಪಕೀರಪ್ಪ ವಲದ್ ತಿಮ್ಮವ್ವ. ವಲದ್ ಅಂದ್ರ ಇಂಥವರ ಮಗ. ಆ ಜಾಗಾದಾಗ ಅಪ್ಪನ ಹೆಸರು ಬರಿಯೋದು ರಿವಾಜು. ಇವನಿಗೆ ಅವ್ವನ ಹೆಸರು ಬರದಾರ. ನಾ ಎಷ್ಟೋ ಹಳೇ ಕಾಗದ ಓದೀನಿ, ಹಿಂಗ ಬರದಿದ್ದು ಮೊದಲನೇ ಸಲ ನೋಡಾಕತ್ತೀನಿ."

ಅಶ್ವಿನಿ ಆ ಕಪ್ಪು ಗೆರೆಯ ಮೇಲೆ ಬಾಗಿದಳು. ಒಂದಕ್ಷರವೂ ಅವಳಿಗೆ ತಿಳಿಯಲಿಲ್ಲ. ಆದರೂ ಅದನ್ನು ನೋಡುತ್ತಲೇ ಇದ್ದಳು. ಹಗ್ಗದ ಎಂಬುದು ಮೀಸೆ ಹೊತ್ತ ಯಾವನೋ ಮೂಲಪುರುಷನ ಹೆಸರು ಎಂದೇ ಅವಳು ಎಣಿಸಿದ್ದಳು. ಅದು ಹೊಳೆದಂಡೆಯಲ್ಲಿ ಕೂತು ಪುಂಡಿ ನಾರು ಹೊಸೆದ ಒಬ್ಬ ವಿಧವೆಯಿಂದ ಹೊರಟು, ಅವಳ ಮಗ, ಮೊಮ್ಮಗ, ಮರಿಮಗ ಇಷ್ಟೂ ಜನರನ್ನು ದಾಟಿ ತನ್ನವರೆಗೆ ಬಂದಿತ್ತು.

"ಆ ಪಕೀರಪ್ಪ ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ," ಎಂದ ಪಕೀರಪ್ಪ. "ಅವನ ಎಸರ ನನಗ ಇಟ್ಟಾರ. ಅಮ್ಮಾರ, ಒಂದು ಕೇಳ್ಲೇನ್ರಿ? ಪಕೀರ ಅಂದ್ರ ಭಿಕ್ಷಾ ಬೇಡಾಂವ ಅಲ್ಲೇನ್ರಿ? ಸಣ್ಣಾಂವ ಇದ್ದಾಗ ಉಡುಗರು ಜೋಳಿಗಿ ಎಲ್ಲೈತಿ ಅಂತ ಕಾಡ್ತಿದ್ರು. ಯಾಕ ಇಂಥಾ ಎಸರು ಇಟ್ರು ಅಂತ ನನಗ ಬ್ಯಾಸರ ಇತ್ರಿ."

"ನಿಮ್ಮ ಮುತ್ಯಾಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿದ್ವೇನು?"

ಪಕೀರಪ್ಪ ಅಚ್ಚರಿಯಿಂದ ನೋಡಿದ. "ಇಲ್ರಿ. ಮೂರು ಓಗಿದ್ವಂತ. ನಮ್ಮಪ್ಪ ಅಂತಿದ್ದ."

"ಅದಕ್ಕ ತಿಮ್ಮವ್ವ ಆ ಹೆಸರು ಇಟ್ಟಾಳ. ಆಗಿನ ತಾಯಂದ್ರು ಹುಟ್ಟಿದ ಕೂಸನ್ನ ದಾರ್ಯಾಗ ಹೋಗೋ ಫಕೀರನ ಉಡ್ಯಾಗ ಹಾಕಿ, ಒಂದು ಬೊಗಸಿ ಜ್ವಾಳ ಕೊಟ್ಟು ವಾಪಸ್ ತಗೋತಿದ್ರು. ಹಿಂದು ಆಗ್ಲಿ ಮುಸಲ್ಮಾನರಾಗ್ಲಿ. ಫಕೀರ ಅಂದ್ರ ಕೈಯಾಗ ಏನೂ ಇಲ್ಲದಾಂವ. ಸಾವು ಮನಿತನಕ ಬಂದು, ಹೆಸರು ಕೇಳಿ, ಇವನ ಹಂತ್ಯಾಕ ಒಯ್ಯಾಕ ಏನೈತಿ ಅಂತ ತಿರುಗಿ ಹೋಗಲಿ ಅನ್ನೋ ಆಸೆ. ನಿನ್ನ ಹೆಸರು ಬೇಡೋರ ಹೆಸರಲ್ಲಪ್ಪ. ಉಳಿಲಿ ಅಂತ ಇಟ್ಟ ಹೆಸರು."

ಪಕೀರಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದರ ಅಂಚನ್ನು ಬೆರಳಲ್ಲಿ ಸವರುತ್ತ, "ಉಳಿದಾನ್ರಿ," ಎಂದ. "ಎಂಬತ್ತೆರಡು ವರ್ಷ ಬದುಕಿದ್ದ ನಮ್ಮ ಮುತ್ಯಾ." ಅವನ ಕಣ್ಣು ತುಂಬಿದ್ದು ಎಲ್ಲರಿಗೂ ಕಂಡಿತು. ಯಾರೂ ಕಂಡಂತೆ ತೋರಿಸಿಕೊಳ್ಳಲಿಲ್ಲ. ಮಾಹಿರಾ ಎದ್ದು ಇನ್ನೊಮ್ಮೆ ಚಹಾಕ್ಕೆ ಇಟ್ಟಳು.

ಹೊರಡುವಾಗ ಹಾಜಿರಾಬೀ ಬಾಗಿಲವರೆಗೆ ಬಂದರು. ಊರ ಹಿಂದಿನ ಗುಡ್ಡದ ಕಡೆ ಕೈ ಮಾಡಿ ಅಶ್ವಿನಿಗೆ ಹೇಳಿದರು: "ಅಲ್ಲಿ ಅರಸನ ಶಾಸನ ಐತಿ, ನೋಡೀಯೇನು? ಪ್ರತಿ ವರ್ಷ ಸಾಲಿ ಮಕ್ಕಳನ್ನ ಕರಕೊಂಡು ಹೋಗ್ತಿದ್ದೆ. ಅದಕ್ಕಿಂತ ಮೊದಲು ಎಷ್ಟೋ ಊರಾಗ ಅಂಥಾ ಕಲ್ಲು ಸಿಕ್ಕಿದ್ವು, ಎಲ್ಲಾದ್ರಾಗೂ ಬರೇ ಬಿರುದು. ಯಾವ ಅರಸ ಅಂತ ಗುಮಾನಿ ಇತ್ತು. ನಮ್ಮ ಮಸ್ಕಿ ಕಲ್ಲಿನಾಗ ಅಶೋಕ ಅಂತ ಸ್ವಂತ ಹೆಸರು ಸಿಕ್ತು. ದೊಡ್ಡ ಅರಸಗೂ ತನ್ನ ಹೆಸರು ಒಂದು ಕಡಿ ನೆಟ್ಟಗೆ ಬರದಿರಬೇಕು ಬೇಟಾ. ನಿಂದೂ ಬರಸ್ಕೋ."

ಮರುವಾರ ಹಾಜಿರಾಬೀ ಸಹಿ ಮಾಡಿಕೊಟ್ಟ ಅನುವಾದವನ್ನೂ ಮೂಲ ಕಾಗದವನ್ನೂ ಹನುಮಂತರಾಯರ ಮೇಜಿನ ಮೇಲೆ ಇಟ್ಟಾಗ ಅಶ್ವಿನಿಗೆ ಒಂದೇ ಅಂಜಿಕೆ. ಕಾಗದದಲ್ಲಿ ಹಗ್ಗದ ಎಂಬ ಶಬ್ದವೇ ಇಲ್ಲವಲ್ಲ.

ರಾಯರು ಎರಡು ಸಲ ಓದಿದರು. ಮೂರನೆಯ ಸಲ ಓದುತ್ತ ನಗತೊಡಗಿದರು.

"ಇದು ಭಾಳ ಚೊಲೊ ಆತವ್ವ. ಅಕ್ಷರ ಅಷ್ಟ ಬರದಿದ್ರ ಹಕಾರ ಐತೋ ಇಲ್ಲೋ ಅಂತ ನಾಳೆ ಯಾರಾರ ತಕರಾರು ತಗೀತಿದ್ರು. ಈ ಪುಣ್ಯಾತ್ಮ ಅರ್ಥ ಬರದಾನ. ನಿಮ್ಮದು ಅಗ್ಗದ ಆಗಿದ್ರ ಸಸ್ತೀವಾಲಿ ಅಂತ ಬರೀತಿದ್ದ. ರಸ್ಸೀವಾಲಿ ಅಂದಾನ. ಇದರ ಮುಂದ ಇನ್ನೇನು ಬೇಕು?" ಆಮೇಲೆ ವಿರೇಶನ ಕಡೆ ತಿರುಗಿ, "ಮದುವಿ ಆದ ಮ್ಯಾಲೆ ಬೆಣ್ಣಿ ಅಂತ ಮತ್ತ ಮಾಡಸ್ತೀರಲ್ಲ? ಎರಡೂ ಕೂಡಿ ಒಮ್ಮೆ ಮಾಡಿದ್ರ ಅಡ್ಡಾಡೋದು ಉಳೀತೈತಿ," ಎಂದರು.

ವಿರೇಶ ಅಶ್ವಿನಿಯನ್ನು ನೋಡಿದ. ಅವಳು ಆ ವಾರವಿಡೀ ಅದನ್ನೇ ಯೋಚಿಸಿದ್ದಳು. ಅವನಿಗೆ ಹೇಳುವುದು ಹೇಗೆ ಎಂದು ಮಾತ್ರ ತಿಳಿದಿರಲಿಲ್ಲ.

"ನಾ ಹಗ್ಗದ ಅಂತ ಇರತೀನ್ರಿ," ಎಂದಳು. "ಮದುವಿ ಆದ ಮ್ಯಾಲೂ. ನಿಮಗ ಒಪ್ಪಿಗಿ ಇಲ್ಲಂದ್ರ..."

"ನನಗೇನು?" ಎಂದ ವಿರೇಶ. "ಬೆಣ್ಣಿ ಅಂತ ನಮ್ಮ ಮನ್ಯಾಗ ಹದಿನಾರು ಮಂದಿ ಅದಾರ. ಇನ್ನೊಬ್ಬಾಕಿ ಇಲ್ಲಂದ್ರ ಯಾರಿಗೂ ಕಡಿಮಿ ಬೀಳಂಗಿಲ್ಲ. ಅವ್ವಗ ಮಾತ್ರ ನೀನ ಹೇಳು."

ಅವನ ತಾಯಿ ಶೇಖರಮ್ಮ ಮಾತಿಗೆ ಬಿಗಿ ಹೆಂಗಸು ಎಂದು ಅಶ್ವಿನಿ ಕೇಳಿದ್ದಳು. ಸಾಲಗುಂದಕ್ಕೆ ಹೋಗಿ, ಅಡುಗೆಮನೆಯಲ್ಲಿ ಅವರ ಎದುರು ಕೂತು, ತಿಮ್ಮವ್ವನ ಕತೆಯನ್ನು ಮೊದಲಿನಿಂದ ಹೇಳಿದಳು. ಶೇಖರಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದರು. ಮಹಾಪೂರದ ಜಾಗಕ್ಕೆ ಬಂದಾಗ ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಎರಡು ಆಡೂ ಉಳದ್ವಾ?"

"ಹೌದ್ರಿ ಅತ್ತೀ."

ಶೇಖರಮ್ಮ ಹೊತ್ತಿದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟರು. "ಹಂಗಾದ್ರ ಇಟ್ಕೊ ಅದನ್ನ. ಒಂಬತ್ತು ಮಂದೀನ ಉಳಿಸಿದ ಹೆಸರು ಯಾಕ ಬಿಡ್ತಿ? ನಮಗ ಬೆಣ್ಣಿ ಅಂತ ಯಾಕ ಬಂತೋ ಯಾವ ಮುನ್ಶೀನೂ ಬರದಿಟ್ಟಿಲ್ಲ. ಯಾರೋ ಕದ್ದು ತಿಂದು ಸಿಕ್ಕಬಿದ್ದಿರಬೇಕು." ಹೀಗೆ ಹೇಳಿ ಅವರು ನಕ್ಕಾಗ ಅಶ್ವಿನಿ ನಿರಾಳವಾಗಿ ಗೋಡೆಗೆ ಒರಗಿದಳು.

ಅಫಿಡವಿಟ್ ಆಯಿತು. ಎರಡು ಪತ್ರಿಕೆಗಳ ಮೂಲೆಯಲ್ಲಿ ಬೆರಳಗಲದ ಜಾಹೀರಾತು ಬಂತು. ಕಚೇರಿಯಿಂದ ಕಚೇರಿಗೆ ಓಡಾಟ ನಡೆದು, ಮೊದಲು ಆಧಾರ್, ಆಮೇಲೆ ಉಳಿದ ಕಾಗದಗಳು ಒಂದೊಂದಾಗಿ ತಿದ್ದಿಕೊಂಡು ಬರತೊಡಗಿದವು. ಔಷಧಿ ಅಂಗಡಿಯವನು ಅವಳ ಎದೆಯ ಮೇಲಿನ ಹೊಸ ಪಟ್ಟಿ ಓದಿ ಎರಡು ದಿನ ಮಾತಿಲ್ಲದೆ ಗುಳಿಗೆ ಕೊಟ್ಟ. ಲಗ್ನಪತ್ರಿಕೆಯ ಕರಡು ಬಂದಾಗ ಪಕೀರಪ್ಪ ಅದನ್ನು ಕೈಯಲ್ಲಿ ಹಿಡಿದು ಮಗಳಿಂದ ಮೂರು ಸಲ ಓದಿಸಿದ. ತನ್ನ ಹೆಸರಿನ ಮುಂದೆಯೂ ಹಗ್ಗದ ಎಂದು ಹಾಕಿಸಲು ಹೇಳಿದ. ಅವನಷ್ಟಕ್ಕೆ ಅವನು ಆ ಶಬ್ದವನ್ನು ಹಕಾರ ಕೂಡಿಸಿ ಹೇಳಲು ಹೊಲದಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದನೆಂದು ಲಕ್ಷ್ಮಿದೇವಿ ಮಗಳ ಕಿವಿಯಲ್ಲಿ ಹೇಳಿದಳು. ಅಭ್ಯಾಸ ಫಲಿಸಲಿಲ್ಲ.

ಮದುವೆ ಸಾಲಗುಂದದಲ್ಲಿ, ಬೆಳಗಿನ ಮುಹೂರ್ತಕ್ಕೆ ಆಯಿತು. ಹಾಜಿರಾಬೀ ಮಾಹಿರಾಳ ಜತೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಅಕ್ಷತೆ ಬಿದ್ದು, ಜನ ಊಟದ ಪಂಕ್ತಿಯ ಕಡೆ ಸರಿಯುತ್ತಿದ್ದಾಗ ಗಂಡಿನ ಕಡೆಯ ಹಿರಿಯರೊಬ್ಬರು ಪಕೀರಪ್ಪನನ್ನು ಹಂದರದ ಕಂಬದ ಬಳಿ ನಿಲ್ಲಿಸಿಕೊಂಡರು. ಕಪ್ಪು ಕೋಟಿನ, ದೊಡ್ಡ ದನಿಯ ಮನುಷ್ಯ.

"ಮ್ಯಾಲಿಂದ ನೀವು ಯಾರ ಮನೆತನದವರು ಬೀಗರ? ಮುಕ್ಕುಂದದಾಗ ಯಾರ ಪೈಕಿ?"

ಇಂಥ ಪ್ರಶ್ನೆಗೆ ಪಕೀರಪ್ಪ ಯಾವಾಗಲೂ ತಂದೆಯ ಹೆಸರು ಹೇಳಿ ಮುಗಿಸುವವನು. ಮಾಲೆಯ ಭಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡು ಕೂತಿದ್ದ ಅಶ್ವಿನಿ ಅತ್ತ ತಲೆ ಎತ್ತಿದಳು.

"ತಿಮ್ಮವ್ವನ ಪೈಕಿ ರೀ," ಎಂದ ಪಕೀರಪ್ಪ.

"ಯಾವ ತಿಮ್ಮವ್ವ?"

ಪಕೀರಪ್ಪ ಸುತ್ತ ನೋಡಿ, ಖಾಲಿ ಇದ್ದ ಎರಡು ಕುರ್ಚಿ ಎಳೆದ. ಒಂದರಲ್ಲಿ ಆ ಹಿರಿಯರನ್ನು ಕೂಡಿಸಿ, ಇನ್ನೊಂದರಲ್ಲಿ ತಾನು ಕೂತ. "ಒಂದು ವರ್ಷ ಒಳಿ ಭಾಳ ಬಂದಿತ್ರಿ," ಎಂದು ಶುರುಮಾಡಿದ. ದಾಟಿ ಹೋಗುತ್ತಿದ್ದ ಇಬ್ಬರು ನಿಂತರು. ಕೈ ತೊಳೆದುಕೊಂಡು ಬಂದ ಹೆಂಗಸೊಬ್ಬಳು ಸೆರಗಿನಿಂದ ಕೈ ಒರೆಸುತ್ತ ಅಲ್ಲೇ ಕೂತಳು. ಶೇಖರಮ್ಮ ದೂರದಿಂದಲೇ, ಆಡಿನ ಸಂಗತಿ ಬಿಡಬ್ಯಾಡ್ರಿ ಎಂದು ಕೂಗಿ ಹೇಳಿದರು.

"ಊಟಕ್ಕ ತಡಾ ಆಗಾಕತ್ತೈತಿ," ಎಂದ ವಿರೇಶ ಪಕ್ಕದಿಂದ, ಮೆಲ್ಲಗೆ.

"ಆಗ್ಲಿ ಬಿಡ್ರಿ," ಎಂದಳು ಅಶ್ವಿನಿ. "ನಮ್ಮಪ್ಪ ಇಷ್ಟು ಮಾತಾಡಿದ್ದು ನಾ ಎಂದೂ ನೋಡಿಲ್ಲ."